ಹಮ್ಮಿಂಗ್‌ಬರ್ಡ್ ಬರಲಿಲ್ಲ, ಸೂರಕ್ಕಿ ಬಂತು

ಎಸೆಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಆನ್‌ಲೈನ್‌ನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಾಟಲಿ ತರಿಸಿದೆ. ಅದರ ತಳದಲ್ಲಿ ನಾಲ್ಕು ಹಳದಿ ಪ್ಲಾಸ್ಟಿಕ್ ಹೂಗಳು, ಒಂದೊಂದು ಹೂವಿನ ನಡುವೆಯೂ ಒಂದು ತೂತು. ನಾಲ್ಕು ಪಾಲು ನೀರಿಗೆ ಒಂದು ಪಾಲು ಸಕ್ಕರೆ ಕರಗಿಸಿ ತುಂಬಿ ತೂಗುಹಾಕಿದರೆ ಹಮ್ಮಿಂಗ್‌ಬರ್ಡ್‌ಗಳು ಸಾಲುಗಟ್ಟಿ ಬರುತ್ತವೆ ಎಂದು ಒಂದು ವೀಡಿಯೊದಲ್ಲಿ ನೋಡಿದ್ದೆ. ಹಾಗೆಯೇ ಮಾಡಿದೆ. ಮೊದಲ ದಿನ ಇರುವೆ ಬಂತು. ಎರಡನೇ ದಿನ ಜೇನುನೊಣ ಬಂತು. ಮೂರನೇ ದಿನ ನೀರು ಹುಳಿ ನಾತ ಹೊಡೆಯತೊಡಗಿತು. ಒಂದು ವಾರ ಕಳೆದ ಮೇಲೆ ಉಮ್ಮ ಬಾಟಲಿಯನ್ನು ತೊಳೆದು ಅಡುಗೆ ಮನೆಯ ಅಟ್ಟಕ್ಕೆ ಹಾಕಿದರು. ಈಗಲೂ ಅದು ಅಲ್ಲೇ ಇದೆ.

ಪ್ರಥಮ ಪಿಯುಸಿಯಲ್ಲಿ ಜೀವಶಾಸ್ತ್ರ ಉಪನ್ಯಾಸಕರ ಬಳಿ, "ಸರ್, ನಮ್ಮ ಮನೆಗೆ ಹಮ್ಮಿಂಗ್‌ಬರ್ಡ್ ಯಾಕೆ ಬರಲಿಲ್ಲ?" ಎಂದು ಕೇಳಿದೆ. "ಅದು ಬರಬೇಕಾದರೆ ನಿಮ್ಮ ತಂದೆ ಅಮೆರಿಕದಲ್ಲಿ ಮನೆ ಕಟ್ಟಬೇಕಿತ್ತು" ಎಂದರು. ಇಡೀ ತರಗತಿ ನಕ್ಕಿತು. ಆಮೇಲೆ ಅವರೇ ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ಹಮ್ಮಿಂಗ್‌ಬರ್ಡ್ ಬಿಡು, ಸೂರಕ್ಕಿಗೆ ಹೂ ಬೆಳೆಸು, ನೋಡೋಣ" ಎಂದು ಹೇಳಿದರು. ಆ ನಗುವಿನ ನಂತರ ಎರಡು ವರ್ಷಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಮ್ಮಿಂಗ್‌ಬರ್ಡ್‌ಗಳಲ್ಲಿ 360ಕ್ಕೂ ಹೆಚ್ಚು ಜಾತಿಗಳಿವೆ. ಉತ್ತರದಲ್ಲಿ ಅಲಾಸ್ಕದಿಂದ ಹಿಡಿದು ದಕ್ಷಿಣ ಅಮೆರಿಕದ ತುದಿಯಲ್ಲಿರುವ ಟಿಯೆರಾ ಡೆಲ್ ಫ್ಯೂಗೊ ದ್ವೀಪದವರೆಗೂ ಅವು ಸಿಗುತ್ತವೆ. ಆದರೆ ಅವುಗಳಲ್ಲಿ ಒಂದು ಜಾತಿಯೂ ಏಷ್ಯಾದಲ್ಲಾಗಲಿ, ಆಫ್ರಿಕಾದಲ್ಲಾಗಲಿ, ಯುರೋಪಿನಲ್ಲಾಗಲಿ ಇಲ್ಲ. ಸೋಜಿಗವೆಂದರೆ ಒಂದಾನೊಂದು ಕಾಲದಲ್ಲಿ ಯುರೋಪಿನಲ್ಲಿ ಇದ್ದವು. ಜರ್ಮನಿಯಲ್ಲಿ ಸಿಕ್ಕ, ಸುಮಾರು ಮೂರು ಕೋಟಿ ವರ್ಷ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆಯ ಬಗ್ಗೆ ಗೆರಾಲ್ಡ್ ಮೈರ್ ಎಂಬ ವಿಜ್ಞಾನಿ 2004ರಲ್ಲಿ ಬರೆದಿದ್ದಾರೆ. ಈಗ ಮಾತ್ರ ಅವು ಅಮೆರಿಕ ಖಂಡಗಳ ಹಕ್ಕಿಗಳು. ಹಾಗಾದರೆ ನಮ್ಮಲ್ಲಿ ವಾಟ್ಸಾಪ್‌ನಲ್ಲಿ "ನಮ್ಮ ಮನೆಗೆ ಬಂದ ಹಮ್ಮಿಂಗ್‌ಬರ್ಡ್" ಎಂದು ಓಡಾಡುವ ವೀಡಿಯೊಗಳೇನು? ಅವುಗಳಲ್ಲಿ ಕೆಲವು ಹಕ್ಕಿಯೇ ಅಲ್ಲ. ಹಗಲಿನಲ್ಲಿ ಹಾರುವ ಒಂದು ಬಗೆಯ ಪತಂಗ, ಹೂವಿನ ಮುಂದೆ ಗಾಳಿಯಲ್ಲಿ ನಿಂತು ಉದ್ದನೆಯ ಸುರುಳಿ ನಾಲಿಗೆ ಚಾಚಿ ಮಕರಂದ ಹೀರುತ್ತದೆ. ತಲೆಯ ಮೇಲೆ ಎರಡು ಮೀಸೆಗಳು ಕಂಡರೆ ಅದು ಪತಂಗವೆಂದೇ ತಿಳಿಯಿರಿ. ಉಳಿದವು ಹೆಚ್ಚಾಗಿ ಸೂರಕ್ಕಿಗಳು.

ದ್ವಿತೀಯ ಪಿಯುಸಿ ಪಠ್ಯದ ಪರಾಗಸ್ಪರ್ಶದ ಪಾಠದಲ್ಲಿ ಸನ್‌ಬರ್ಡ್ ಮತ್ತು ಹಮ್ಮಿಂಗ್‌ಬರ್ಡ್ ಎರಡರ ಹೆಸರೂ ಪಕ್ಕಪಕ್ಕದಲ್ಲಿ ಬರುತ್ತದೆ. ಪಕ್ಕಪಕ್ಕದಲ್ಲಿ ಇರುವುದರಿಂದ ನಾವು ಅವನ್ನು ಅಣ್ಣತಮ್ಮಂದಿರು ಎಂದುಕೊಳ್ಳುತ್ತೇವೆ. ಅಲ್ಲ. ಹಮ್ಮಿಂಗ್‌ಬರ್ಡ್‌ನ ಹತ್ತಿರದ ನೆಂಟ ಬಾನಾಡಿ, ಅಂದರೆ ಹಳೆಯ ಕಟ್ಟಡಗಳ ಸುತ್ತ ಸಂಜೆ ಹೊತ್ತು ಕಿರುಚುತ್ತಾ ಸುತ್ತುವ ಆ ಕಪ್ಪು ಹಕ್ಕಿ. ಸೂರಕ್ಕಿಯಾದರೋ ಗುಬ್ಬಚ್ಚಿ, ಪಿಕಳಾರಗಳಂತೆ ಕೊಂಬೆಯ ಮೇಲೆ ಕೂರುವ ಹಕ್ಕಿಗಳ ಗಣಕ್ಕೆ ಸೇರಿದ್ದು. ಎರಡಕ್ಕೂ ಬಾಗಿದ ಅಥವಾ ಉದ್ದನೆಯ ಕೊಕ್ಕು, ಬಿಸಿಲಿಗೆ ಮಿಂಚುವ ಗರಿ, ಪುಟ್ಟ ಮೈ ಬಂದದ್ದು ಒಂದೇ ಕಸುಬಿನಿಂದ. ಎರಡೂ ಮಕರಂದ ಕುಡಿಯುವವು. ವಿಕಾಸದ ಪಾಠದಲ್ಲಿ ಪೆಂಗ್ವಿನ್ ಮತ್ತು ಡಾಲ್ಫಿನ್‌ಗಳ ಈಜುರೆಕ್ಕೆಯ ಉದಾಹರಣೆ ಕೊಡುತ್ತಾರಲ್ಲ, ಇದೂ ಅದೇ ಸಂಗತಿ. ಪೆಂಗ್ವಿನ್ ನೋಡಲು ನಾವು ಎಲ್ಲಿಗೂ ಹೋಗಲಾಗದು. ಸೂರಕ್ಕಿ ನೋಡಲು ಕಿಟಕಿ ತೆರೆದರೆ ಸಾಕು.

ಹೂ ಬೆಳೆಸುವವರಿಗೆ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ. ಉತ್ತರ ಅಮೆರಿಕದ ಕೆಂಪು ಕತ್ತಿನ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತದೆ. ಆದ್ದರಿಂದ ಅಲ್ಲಿನವರು ಅದಕ್ಕಾಗಿ ಜೋತಾಡುವ ಹೂಗಳನ್ನು ಬೆಳೆಸುತ್ತಾರೆ, ಕೂರಲು ಜಾಗ ಇರಬೇಕೆಂದಿಲ್ಲ. ಸೂರಕ್ಕಿಗೆ ಗಾಳಿಯಲ್ಲಿ ನಿಲ್ಲಲು ಬರುವುದಿಲ್ಲವೆಂದಲ್ಲ. ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಅದು ಇಷ್ಟಪಡುವುದು ಟೊಂಗೆಯ ಮೇಲೆ ಕುಳಿತು, ಬೇಕಾದರೆ ತಲೆಕೆಳಗಾಗಿ ಜೋತು, ಆರಾಮವಾಗಿ ಕುಡಿಯುವುದನ್ನು. ಹೂವಿನ ಪಕ್ಕದಲ್ಲಿ ಅದರ ಭಾರ ಹೊರುವ ಒಂದು ಕಡ್ಡಿ ಇರಬೇಕು. ನನ್ನ ಬಾಟಲಿಯಲ್ಲಿ ಅದೂ ಇರಲಿಲ್ಲ.

ನಮ್ಮ ಕರಾವಳಿಯ ಅಂಗಳಗಳಲ್ಲಿ ಹೆಚ್ಚಾಗಿ ಕಾಣುವುದು ಪರ್ಪಲ್ ರಂಪ್ಡ್ ಸನ್‌ಬರ್ಡ್. ಉದ್ದ 10 ಸೆಂಟಿಮೀಟರ್‌ಗಿಂತ ಕಡಿಮೆ. ಗಂಡಿನ ಬೆನ್ನು ಕಡುಗೆಂಪು, ನೆತ್ತಿಯಲ್ಲಿ ಹೊಳೆಯುವ ಹಸಿರು, ಕುತ್ತಿಗೆ ನೇರಳೆ, ಹೊಟ್ಟೆ ಹಳದಿ. ಹೆಣ್ಣಿಗೆ ಇಷ್ಟೆಲ್ಲ ಇಲ್ಲ, ಬೂದು ಕುತ್ತಿಗೆ ಮತ್ತು ಹಳದಿ ಎದೆ. ಕಡುನೀಲಿ ಕಪ್ಪು ಬಣ್ಣದ ಪರ್ಪಲ್ ಸನ್‌ಬರ್ಡ್ ಕೂಡ ಇದೆ. ಅದಕ್ಕಿಂತ ಉದ್ದ ಕೊಕ್ಕಿನ ಲೋಟನ್ಸ್ ಸನ್‌ಬರ್ಡ್ ಬಂದರೆ ಕೊಕ್ಕು ನೋಡಿಯೇ ಗುರುತಿಸಬಹುದು, ಅಷ್ಟು ಬಾಗಿರುತ್ತದೆ. ಸಿಲೋನಿನಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೋಟನ್ ಎಂಬವರ ಹೆಸರು ಅದಕ್ಕೆ. ಹಕ್ಕಿಗೆ ಮನುಷ್ಯರ ಹೆಸರಿಡುವುದು ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ ನನ್ನನ್ನು ಕೇಳುವವರು ಯಾರು?

ಈಗ ಹೂವಿನ ವಿಷಯ. ನರ್ಸರಿಯಲ್ಲಿ ಕೇಳಿದರೆ "ಕೆಂಪು ಹೂ ಹಾಕಿ, ಹಕ್ಕಿ ಬರುತ್ತದೆ" ಎನ್ನುತ್ತಾರೆ. ಅರ್ಧ ನಿಜ. ಜೇನುನೊಣದ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ಹಕ್ಕಿಗೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಹಕ್ಕಿಯನ್ನು ನಂಬಿರುವ ಅನೇಕ ಹೂಗಳು ಕೆಂಪು ಅಥವಾ ಕಿತ್ತಳೆ, ಕೊಳವೆಯಂಥ ಆಕಾರ, ಪರಿಮಳವಿಲ್ಲ. ನಮ್ಮ ಮಲ್ಲಿಗೆ ಇದಕ್ಕೆ ತದ್ವಿರುದ್ಧ. ಬಿಳಿ, ಸಂಜೆ ಅರಳುತ್ತದೆ, ಘಮಘಮ. ಅದು ಕರೆಯುವುದು ರಾತ್ರಿಯ ಪತಂಗಗಳನ್ನು. ಅಜ್ಜಿಯ ಮಲ್ಲಿಗೆ ಬಳ್ಳಿಯ ಕಡೆಗೆ ಸೂರಕ್ಕಿ ತಿರುಗಿಯೂ ನೋಡುವುದಿಲ್ಲ. ಆದರೆ ನುಗ್ಗೆ ಹೂ ಬಿಳಿಯೇ ಅಲ್ಲವೇ? ನುಗ್ಗೆ ಹೂ ಬಿಟ್ಟಾಗ ಸೂರಕ್ಕಿಗಳ ಸಂತೆಯೇ ಅಲ್ಲಿರುತ್ತದೆ. ಬಾಳೆ ಹೂವಿಗೂ ಹಾಗೆಯೇ, ಒಂದೊಂದು ಪೊರೆ ಮೇಲೆದ್ದ ಹಾಗೆ ಬರುತ್ತವೆ. ಹಕ್ಕಿಗೆ ಬೇಕಾದದ್ದು ಮಕರಂದ, ಬಣ್ಣ ಬರೀ ಅಂಗಡಿಯ ಬೋರ್ಡು. ನಿಮ್ಮ ಹಿತ್ತಲಲ್ಲಿ ಬಾಳೆ, ನುಗ್ಗೆ, ತೆಂಗು ಇದ್ದರೆ ಸೂರಕ್ಕಿಯ ತೋಟ ಅರ್ಧ ಆಗಿಹೋಗಿದೆ ಎಂದರ್ಥ. ಬಾಳೆಯಿಂದ ಇನ್ನೊಂದು ಲಾಭವಿದೆ. ಮಳೆ ನಿಂತ ಮೇಲೆ ಅದರ ಅಗಲ ಎಲೆಯ ಮೇಲೆ ಉಳಿದ ನೀರಿನಲ್ಲಿ ಸೂರಕ್ಕಿ ಜಾರುತ್ತಾ ಸ್ನಾನ ಮಾಡುತ್ತದೆ. ಅದನ್ನು ನೋಡುತ್ತಾ ನಾನು ಒಮ್ಮೆ ಬಸ್ ತಪ್ಪಿಸಿಕೊಂಡಿದ್ದೇನೆ.

ಆದರೆ ಬಾಳೆ, ನುಗ್ಗೆ ವರ್ಷವಿಡೀ ಹೂ ಬಿಡುವುದಿಲ್ಲ. ನಡುವಿನ ತಿಂಗಳುಗಳಿಗೆ ಒಂದು ಗಿಡ ಮಾತ್ರ ಆರಿಸಿ ಎಂದರೆ ನಾನು ಹಮೇಲಿಯಾ ಎನ್ನುತ್ತೇನೆ. ಕಿತ್ತಳೆ ಕೆಂಪಿನ, ಬೆರಳ ಗೆಣ್ಣಿನಷ್ಟು ಉದ್ದದ ಕೊಳವೆ ಹೂಗಳ ಗೊಂಚಲು. ಆಸ್ಪತ್ರೆ, ಪೆಟ್ರೋಲ್ ಬಂಕ್‌ಗಳ ಬೇಲಿಗಳಲ್ಲಿ ನೀವು ನೋಡಿರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ಇದರ ತವರು ಫ್ಲಾರಿಡಾ, ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ. ಅಂದರೆ ಅಲ್ಲಿ ಇದು ಸಾಕ್ಷಾತ್ ಹಮ್ಮಿಂಗ್‌ಬರ್ಡ್‌ನ ಹೂವು! ಗಿಡ ಸಮುದ್ರ ದಾಟಿ ಬಂತು, ಹಕ್ಕಿ ಬರಲಿಲ್ಲ, ಇಲ್ಲಿನ ಸೂರಕ್ಕಿ ಆ ಕೆಲಸ ವಹಿಸಿಕೊಂಡಿತು. ಸೂರಕ್ಕಿ ಸಾಮಾನ್ಯವಾಗಿ ಕುಳಿತು ಕುಡಿಯುತ್ತದೆ ಎಂದೆನಲ್ಲ, ಹಮೇಲಿಯಾ ಮುಂದೆ ಮಾತ್ರ ಎಷ್ಟೋ ಸಲ ಹಮ್ಮಿಂಗ್‌ಬರ್ಡ್‌ನಂತೆ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ. ವೀಡಿಯೊ ಮಾಡಿ ಮೋಸ ಹೋಗುವವರು ಹೆಚ್ಚಾಗಿ ಇಲ್ಲೇ ಮೋಸ ಹೋಗುವುದು. ಹೂವಿನ ನಂತರ ಕಪ್ಪು ಹಣ್ಣುಗಳಾಗುತ್ತವೆ, ಅವನ್ನು ಪಿಕಳಾರಗಳು ತಿನ್ನುತ್ತವೆ. ಮೆಕ್ಸಿಕೋ ಮೂಲದ, ಕೆಂಪು ಪಟಾಕಿ ಸರದಂತೆ ಜೋತಾಡುವ ರಸೇಲಿಯಾ ಕೂಡ ಒಳ್ಳೆಯದು. ಕುಂಡದಲ್ಲಿ ಬೆಳೆಸುವವರಿಗೆ ಅದೇ ಸುಲಭ.

ಹಮೇಲಿಯಾ ಬೆಳೆಸಲು ದುಡ್ಡು ಬೇಡ. ಜೂನ್ ಕೊನೆಯಲ್ಲಿ ಮಳೆ ಹಿಡಿದ ಮೇಲೆ, ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಮರಳು ಬೆರೆತ ಮಣ್ಣಾಗಲಿ, ನೀರು ನಿಲ್ಲಬಾರದು. ನಮ್ಮ ಜಡಿಮಳೆಯಲ್ಲಿ ಕಡ್ಡಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ನಾನು ಮೊದಲು ಊರಿದ ಕಡ್ಡಿಗಳು ಸೂರಿನ ನೀರು ಬೀಳುವ ಜಾಗದಲ್ಲಿದ್ದು ಎಲ್ಲವೂ ಕೊಳೆತವು. ಚಿಗುರಿದ ಮೇಲೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆಗೆ ಬದಲಾಯಿಸಿ. ನೆರಳಿನಲ್ಲಿಟ್ಟರೆ ಎಲೆ ಚೆನ್ನಾಗಿ ಬರುತ್ತದೆ, ಹೂ ಬರುವುದಿಲ್ಲ. ಮುರಕಲ್ಲಿನ ಅಂಗಳವಾದರೆ ಗುಂಡಿ ತುಸು ದೊಡ್ಡದಾಗಿ ತೋಡಿ, ಸೆಗಣಿ ಗೊಬ್ಬರ ಹಾಕಿ. ಹೂ ಕಡಿಮೆಯಾದಾಗ ಕತ್ತರಿಸಿದರೆ ಹೊಸ ಕೊಂಬೆಯಲ್ಲಿ ಮತ್ತೆ ಗೊಂಚಲು ಬರುತ್ತದೆ. ಒಂದೇ ಸಲ ಇಡೀ ಗಿಡ ಬೋಳಿಸಬೇಡಿ, ಅರ್ಧ ಉಳಿಸಿ. ಹಕ್ಕಿಗೆ ನಾಳೆಯೂ ತಿಂಡಿ ಬೇಕು.

ದಾಸವಾಳದ ಬಗ್ಗೆ ಒಂದು ಮಾತು. ಐದೆಸಳಿನ ಹಳೇ ಕೆಂಪು ದಾಸವಾಳವನ್ನೇ ಹಾಕಿ. ಮುದ್ದೆಯಾಗಿ ಎಸಳು ತುಂಬಿದ ಹೊಸ ತಳಿಗಳು ನೋಡಲು ಚೆಂದ, ಆದರೆ ಅವುಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಬುಡದ ಮಕರಂದಕ್ಕೆ ದಾರಿ ಕಷ್ಟ. ಹಳೇ ದಾಸವಾಳದಲ್ಲೂ ಸೂರಕ್ಕಿ ಎದುರಿನ ಬಾಗಿಲಿನಿಂದ ಹೋಗುವುದು ಕಡಿಮೆ. ಹೂವಿನ ಹಿಂದಿನಿಂದ ಬಂದು ಬುಡಕ್ಕೆ ಕೊಕ್ಕು ಚುಚ್ಚಿ ಕುಡಿದು ಹೋಗುತ್ತದೆ. ಕೇಸರಕ್ಕೆ ತಾಗಲೇ ಇಲ್ಲ, ಪರಾಗ ಸಾಗಿಸಲೂ ಇಲ್ಲ. ಪುಸ್ತಕಗಳಲ್ಲಿ ಇದಕ್ಕೆ ಮಕರಂದ ಕಳ್ಳತನ ಎನ್ನುತ್ತಾರೆ. ಬಾಡಿದ ಹೂವನ್ನು ಹೆಕ್ಕಿ ಬುಡ ನೋಡಿ, ಸಣ್ಣ ಸೀಳು ಸಿಗಬಹುದು. ಕೇಪುಳವೂ ಇರಲಿ. ಅದು ಹೆಚ್ಚಾಗಿ ಚಿಟ್ಟೆಗಳ ಹೂ, ಆದರೆ ಸೂರಕ್ಕಿಯೂ ಬರುತ್ತದೆ.

ಇನ್ನೊಂದು ಗಿಡವಿದೆ, ಅದನ್ನು ಬೆಳೆಸಿ ಎಂದು ಹೇಳಲಾರೆ. ನಮ್ಮ ಮಾವಿನ ಮರದ ಮೇಲೆ ಬಂದಳಿಕೆ ಇದೆ. ಪರಾವಲಂಬಿ ಗಿಡ, ಮರದ ರಸ ಹೀರುತ್ತದೆ. ಸಲೀಂ ಅಲಿಯವರು ಕೊಂಕಣದಲ್ಲಿ ಇದನ್ನು ಗಮನಿಸಿ 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಬಂದಳಿಕೆಯ ಹೂವಿನ ಪರಾಗವನ್ನು ಸಾಗಿಸುವುದು ಸೂರಕ್ಕಿ, ಹಣ್ಣು ತಿಂದು ಅಂಟು ಬೀಜವನ್ನು ಮುಂದಿನ ಮರದ ಕೊಂಬೆಗೆ ಹಚ್ಚುವುದು ಬದನಿಕೆ ಹಕ್ಕಿ. ಸೂರಕ್ಕಿಗಿಂತಲೂ ಸಣ್ಣ ಹಕ್ಕಿ ಅದು. ಮಾಮ ವರ್ಷಕ್ಕೊಮ್ಮೆ ಕತ್ತಿ ಹಿಡಿದು ಮರ ಹತ್ತುತ್ತಾರೆ, ನಾನು ಕೆಳಗಿನಿಂದ ಬೇಡ ಬೇಡ ಎನ್ನುತ್ತೇನೆ. ಅವರ ಮಾತೂ ಸರಿ, ಮಾವು ಸೊರಗುತ್ತಿದೆ. ಈಗ ರಸ್ತೆ ಬದಿಯ ಒಂದು ಕೊಂಬೆಯಲ್ಲಿ ಮಾತ್ರ ಬಿಡುವುದೆಂದು ಒಪ್ಪಂದವಾಗಿದೆ.

ನಾನು ಬರೆಯಲು ಹಿಂಜರಿದ ಭಾಗ ಇಲ್ಲಿದೆ. ಹೂ ಬೆಳೆಸಿದ ಮೊದಲ ವರ್ಷವೇ ಒಂದು ಹೆಣ್ಣು ಸೂರಕ್ಕಿ ನಮ್ಮ ದಾಸವಾಳದ ತುದಿ ಕೊಂಬೆಯಲ್ಲಿ ಗೂಡು ಕಟ್ಟಿತು. ಗೂಡು ಕಟ್ಟುವುದು ಹೆಣ್ಣೇ, ಗಂಡು ಸುತ್ತಮುತ್ತ ಹಾರಾಡುತ್ತಿರುತ್ತದೆ. ನಾರು, ಒಣ ಎಲೆ, ತೊಗಟೆಯ ಚೂರುಗಳನ್ನು ಜೇಡರ ಬಲೆಯಿಂದ ಅಂಟಿಸಿ ಮಾಡಿದ ಜೋತಾಡುವ ಸಂಚಿ, ಪಕ್ಕದಲ್ಲಿ ಬಾಗಿಲು. ಹೊರಗಿನಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ ಎನ್ನಬೇಕು. ಎರಡು ಮೊಟ್ಟೆ. ಸುಮಾರು ಎರಡು ವಾರ ಕಾವು. ಮರಿಗಳೂ ಬಂದವು. ಅದೇ ಹೊತ್ತಿಗೆ ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿತು. ನಾನು ಅಂಗಡಿಯಿಂದ ಔಷಧಿ ತಂದು, ಗೂಡಿರುವ ಕೊಂಬೆಯೊಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ಸಿಂಪಡಿಸಿದೆ. ಬಹಳ ಜಾಗ್ರತೆ ಮಾಡಿದೆ ಎಂದುಕೊಂಡಿದ್ದೆ. ಮೂರನೇ ದಿನ ಬೆಳಿಗ್ಗೆ ಗೂಡಿನಿಂದ ಸದ್ದಿರಲಿಲ್ಲ. ಎರಡೂ ಮರಿಗಳು ಸತ್ತಿದ್ದವು. ತಾಯಿ ಬಾಯಲ್ಲಿ ಏನೋ ಕಚ್ಚಿಕೊಂಡು ಬಂದು, ಬಾಗಿಲಲ್ಲಿ ಇಣುಕಿ, ಹೋಗಿ, ಮತ್ತೆ ಬರುತ್ತಿತ್ತು. ಔಷಧಿಯಿಂದಲೇ ಸತ್ತವು ಎಂದು ನಾನು ಸಾಬೀತು ಮಾಡಲಾರೆ. ಆದರೆ ನನಗೆ ಅನುಮಾನವಿಲ್ಲ.

ನನಗೆ ಗೊತ್ತಿಲ್ಲದೇ ಇದ್ದದ್ದು ಇಷ್ಟು. ಮರಿಗಳು ಮಕರಂದದಿಂದ ಬೆಳೆಯುವುದಿಲ್ಲ. ಸಕ್ಕರೆಯಲ್ಲಿ ಪ್ರೊಟೀನ್ ಎಲ್ಲಿದೆ? ಮರಿಗಳಿಗೆ ತಾಯಿತಂದೆ ತರುವುದು ಸಣ್ಣ ಹುಳ ಮತ್ತು ಜೇಡಗಳನ್ನು, ಅದೂ ಹತ್ತಿರದ ಗಿಡಗಳಿಂದಲೇ. ನಾನು ಬಿಟ್ಟಿದ್ದು ಗೂಡಿನ ಕೊಂಬೆಯನ್ನು, ವಿಷ ಹಾಕಿದ್ದು ಅವುಗಳ ಊಟಕ್ಕೆ. ಹೂತೋಟವನ್ನು ನಾನು ಬಾಟಲಿಯ ಹಾಗೆಯೇ ನೋಡಿದ್ದೆ, ಸಿಹಿ ನೀರು ಕೊಡುವ ಜಾಗ ಎಂದು. ಈಗ ತಿಗಣೆ ಬಂದರೆ ಪೈಪಿನಲ್ಲಿ ನೀರು ರಭಸವಾಗಿ ಬಿಟ್ಟು ತೊಳೆಯುತ್ತೇನೆ, ತೀರಾ ಹಿಡಿದ ಕುಡಿಗಳನ್ನು ಕತ್ತರಿಸಿ ತೆಗೆಯುತ್ತೇನೆ. ನಾಲ್ಕು ಎಲೆ ತೂತಾದರೆ ಆಗಲಿ.

ಜೇಡರ ಬಲೆಯ ಕಥೆಯೂ ಇದೆ. ನಮ್ಮಲ್ಲಿ ರಂಝಾನ್‌ಗೆ ಮುಂಚೆ ಮನೆಯ ಮೂಲೆ ಮೂಲೆ ಗುಡಿಸಿ ತೊಳೆಯುವುದು ನಿಮಗೆಲ್ಲ ಗೊತ್ತು. ಈ ವರ್ಷ ಅದೇ ವಾರದಲ್ಲಿ ಸಿಟೌಟಿನ ಬಟ್ಟೆ ಹಗ್ಗದ ತುದಿಯಲ್ಲಿ ಮತ್ತೊಂದು ಗೂಡು ಏಳತೊಡಗಿತು. ಹೆಣ್ಣು ಹಕ್ಕಿ ಮಾಡಿನ ಪಕ್ಕಾಸುಗಳಿಂದ ಬಲೆಯನ್ನು ಕೊಕ್ಕಿಗೆ ಸುತ್ತಿಕೊಂಡು ಒಯ್ಯುತ್ತಿತ್ತು. ಉಮ್ಮನ ಕೈಯಲ್ಲಿ ಉದ್ದ ಕೋಲಿನ ಪೊರಕೆ ಇತ್ತು. ಉಮ್ಮ ಹೇಳಿದರು, ನೆಂಟರು ಬರುವ ಮನೆಯಲ್ಲಿ ಬಲೆ ಇರಬಾರದು ಎಂದು. ನಾನು ದಾಸವಾಳದ ಗೂಡಿನ ಕಥೆ ಹೇಳಿದೆ, ಉಮ್ಮನಿಗೆ ಅದು ಗೊತ್ತೇ ಇತ್ತು. ಕೊನೆಗೆ ತೀರ್ಪು ಕೊಟ್ಟದ್ದು ಅಜ್ಜಿ. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯ ಎಂದು ಮದ್ರಸದಲ್ಲಿ ಕಲಿತದ್ದು ಅವರಿಗೆ ಈಗಲೂ ನೆನಪಿದೆ. "ತಿನ್ನಲು ಕೊಟ್ಟು ಮನೆ ಮುರಿಯುವುದು ಯಾವ ನ್ಯಾಯ? ಸಿಟೌಟ್ ಬಿಟ್ಟು ಉಳಿದದ್ದು ಗುಡಿಸು" ಎಂದರು. ಬಟ್ಟೆಯನ್ನು ಒಂದೂವರೆ ತಿಂಗಳು ಹಿತ್ತಲಲ್ಲಿ ಒಣಗಿಸಿದೆವು. ಇಫ್ತಾರ್‌ಗೆ ಬಂದವರೆಲ್ಲ ತಲೆ ಬಗ್ಗಿಸಿ ಒಳಗೆ ಬಂದರು. ಅಣ್ಣನ ಬೈಕಿನ ಕನ್ನಡಿಗೆ ಗಂಡು ಹಕ್ಕಿ ಇನ್ನೊಂದು ಗಂಡು ಬಂದಿದೆಯೆಂದು ತಿಳಿದು ದಿನವಿಡೀ ಕುಕ್ಕುತ್ತಿತ್ತು, ಅದಕ್ಕೆ ಹಳೇ ಕಾಲುಚೀಲ ತೊಡಿಸಿದೆವು.

ಪೆರ್ನಾಲ್‌ಗೆ ಎರಡು ದಿನ ಇರುವಾಗ, ಸುಬಹಿ ನಮಾಝ್ ಮುಗಿಸಿ ಹೊರಗೆ ಬಂದಾಗ ಒಂದು ಮರಿ ಹಗ್ಗದ ಮೇಲೆ ಕುಳಿತಿತ್ತು. ಬಾಲ ಇನ್ನೂ ಮೊಟಕು. ಇನ್ನೊಂದು ಬಾಗಿಲಲ್ಲಿ ತಲೆ ಹಾಕಿ ನೋಡುತ್ತಿತ್ತು. ಒಂಬತ್ತು ಗಂಟೆ ಹೊತ್ತಿಗೆ ಎರಡೂ ಹಮೇಲಿಯಾ ಗಿಡದಲ್ಲಿದ್ದವು, ಗಂಡು ಹಕ್ಕಿ ಅವಕ್ಕೆ ತಿನ್ನಿಸುತ್ತಿತ್ತು. ಖಾಲಿ ಗೂಡನ್ನು ನಾವು ತೆಗೆದಿಲ್ಲ, ಹಳೆಯ ಗೂಡನ್ನೇ ಮತ್ತೆ ಬಳಸುವುದೂ ಉಂಟಂತೆ.

ಈ ಮಳೆಗಾಲ ಹಮೇಲಿಯಾ ಕತ್ತರಿಸಿದಾಗ ಸಿಕ್ಕ ಕಡ್ಡಿಗಳನ್ನು ಒಂದು ಬಕೆಟ್ ನೀರಿನಲ್ಲಿ ಹಾಕಿ ಜೀವಶಾಸ್ತ್ರ ಲ್ಯಾಬಿನ ಹಿಂದಿನ ವರಾಂಡದಲ್ಲಿ ಇಟ್ಟಿದ್ದೇನೆ. ಬೇಕಾದವರು ಎರಡೆರಡು ತೆಗೆದುಕೊಂಡು ಹೋಗಿ. ಹಾಸ್ಟೆಲಿನವರಿಗೆ ಕುಂಡ ಬೇಕಿದ್ದರೆ ಅಟೆಂಡರ್ ಅಣ್ಣನ ಬಳಿ ಒಡೆದ ಬಕೆಟ್‌ಗಳಿವೆ, ತಳಕ್ಕೆ ತೂತು ಮಾಡಿಕೊಳ್ಳಿ. ಕಡ್ಡಿ ಊರುವಾಗ ಗೆಣ್ಣಿನ ಮೊಗ್ಗು ಮೇಲ್ಮುಖವಾಗಿರಲಿ. ಕಳೆದ ವರ್ಷ ನನ್ನ ಗೆಳೆಯನೊಬ್ಬ ತಲೆಕೆಳಗಾಗಿ ಊರಿ, ಒಂದು ತಿಂಗಳು ನೀರು ಹಾಕಿದ್ದಾನೆ.